ಅಕ್ಷತೆ ಮಾಯವಾದ ಮದುವೆ

2004ರಲ್ಲಿ ನಡೆದ ಅಣ್ಣನ ಮದುವೆಯ ಮಿನಿ ಡಿವಿ ವಿಡಿಯೋ ಟೇಪುಗಳು ಅಂತೂ ಕಂಪ್ಯೂಟರಿಗೆ ಬಂದವು. ಒಂದು ಗಂಟೆಗೆ ಸುಮಾರು 13 ಜಿಬಿ! ಫ್ಯಾಮಿಲಿ ಗ್ರೂಪಿಗೆ ಹಾಕಬೇಕಾದರೆ ಕುಗ್ಗಿಸಲೇಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಕುಗ್ಗಿಸುವ ತಂತ್ರಾಂಶ ತೆರೆದು, ಮನೆಯ ಮದುವೆಗೆ ಜಿಪುಣತನ ಯಾಕೆ ಅಂತ ಪ್ರೊಸೆಸರ್ ಮೇಲೇ ಓಡುವ ಎಕ್ಸ್265 ಎಂಬ ಎನ್ಕೋಡರ್, ಅದರಲ್ಲೂ 'ವೆರಿ ಸ್ಲೋ' ಆರಿಸಿದೆ. ಹೆಸರಿಗೆ ಮೋಸವಿಲ್ಲ.

ಪ್ರೊಸೆಸರ್ ನೂರಕ್ಕೆ ನೂರು. "ರೀ, ಅದೇನು ಸದ್ದು? ಸಿಡಿಯುತ್ತೇನೋ ನೋಡಿ" ಅಂದಳು ಹೆಂಡತಿ. ರಾತ್ರಿಯಿಡೀ ಓಡಿತು. ಬೆಳಗ್ಗೆ ಇನ್ನೇನು ಮುಗಿಯಬೇಕು, ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕುಯ್ ಕುಯ್ ಅಂದು ಕಣ್ಣು ಮುಚ್ಚಿತು. ಫೈಲ್ ಇದೆ, ತೆರೆಯುವುದಿಲ್ಲ. ಯಾವ ಫ್ರೇಮ್, ಅಂದರೆ ವಿಡಿಯೋದ ಯಾವ ಚಿತ್ರ, ಎಲ್ಲಿದೆ ಅನ್ನುವ ಪಟ್ಟಿಯನ್ನು ನಾನು ಆರಿಸಿದ್ದ ಎಂಪಿ4 ಬಗೆಯ ಫೈಲಿನಲ್ಲಿ ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರೆಯುತ್ತಾರಂತೆ. ಎಂಕೆವಿ ಬಗೆಯ ಫೈಲ್ ಆಗಿದ್ದರೆ ಊಟದ ಪಂಕ್ತಿಯವರೆಗಾದರೂ ನೋಡಬಹುದಿತ್ತು.

ಆಗ ಅಣ್ಣನ ಮಗ ಬಂದ. "ಚಿಕ್ಕಪ್ಪ, ನಿಮ್ಮ ಇಂಟೆಲ್ ಚಿಪ್ಪಿನಲ್ಲಿ ಈ ಕೆಲಸಕ್ಕೇ ಅಂತ ಬೇರೆ ಸರ್ಕ್ಯೂಟ್ ಇದೆ. ಸುಮ್ನೆ ಕೂತಿದೆ ಅಷ್ಟೇ."

ಕ್ವಿಕ್ ಸಿಂಕ್ ಅಂತ ಹೆಸರು. 2011ರಿಂದ ಇಂಟೆಲ್‌ನವರು ಕೊಡುತ್ತಿದ್ದಾರೆ. ಒಬ್ಬನೇ ಬಕೆಟ್ ಹಿಡಿದು ಸಾಂಬಾರ್ ಬಡಿಸುತ್ತಿರುವಾಗ ಭಾವಮೈದುನ ಮೂಲೆಯಲ್ಲಿ ಇಸ್ಪೀಟು ಆಡುತ್ತಾ ಕೂತ ಹಾಗಾಯಿತಲ್ಲ! ಅವನನ್ನೂ ಎಬ್ಬಿಸಿದೆವು. ಕಂಪ್ಯೂಟರಿನ ಫ್ಯಾನ್ ತೆಪ್ಪಗಾಯಿತು. ಕುಕ್ಕರ್ ಕೂಗಿ ಆರುವಷ್ಟರಲ್ಲಿ ಒಂದು ಟೇಪು ಖತಂ.

ಅತ್ತಿಗೆ ನೋಡಿದರು. "ಅಕ್ಷತೆ ಎಲ್ಲಿ?"

ನಿಜ. ಕೈಗಳು ಮೇಲೇಳುತ್ತವೆ, ಗಾಳಿಯಲ್ಲಿ ಹಳದಿ ಕಲೆ ಕಲೆ. ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸುವುದೇ ಈ ಕುಗ್ಗಿಸುವಿಕೆಯ ಗುಟ್ಟು. ನೂರಾರು ಕಾಳು ನೂರಾರು ದಿಕ್ಕಿಗೆ ಹಾರಿದರೆ ಊಹಿಸುವುದು ಹೇಗೆ? ಎಕ್ಸ್265 ತಾಳ್ಮೆಯಿಂದ ಹುಡುಕುತ್ತದೆ. ಈ ಕ್ವಿಕ್ ಸಿಂಕಿಗೆ ಅವಸರ ಜಾಸ್ತಿ, ಅಷ್ಟೇ ಸೈಜಿನಲ್ಲಿ ಸಣ್ಣಪುಟ್ಟದ್ದನ್ನು ನುಂಗಿಬಿಡುತ್ತದೆ. ಕ್ವಾಲಿಟಿ ಏರಿಸಿದೆ. ಫೈಲ್ ಊದಿತು, ಅಕ್ಷತೆ ಬಂತು.

"ಸರಿ, ನನ್ನ ಬಳೆ ಯಾಕೆ ಗರಗಸ ಗರಗಸ?"

ಅದು ಹಳೆಯ ಟಿವಿ ಕಾಲದ ಉಪಕಾರ. ಒಂದೊಂದು ಫ್ರೇಮಿನಲ್ಲೂ ಸೆಕೆಂಡಿನ 50ನೇ ಒಂದು ಭಾಗ ಹಿಂದುಮುಂದಾದ ಎರಡು ಅರ್ಧ ಚಿತ್ರಗಳು. ಅಷ್ಟರಲ್ಲೇ ಬಳೆ ಸರಿದಿರುತ್ತದೆ. ಡಿ‌ಇಂಟರ್‌ಲೇಸ್ ಮಾಡಬೇಕು, ಅಂದರೆ ಆ ಅರ್ಧ ಚಿತ್ರಗಳಿಂದ ಪೂರ್ತಿ ಚಿತ್ರ ಕಟ್ಟಬೇಕು, ಅದು ಮತ್ತೆ ಪ್ರೊಸೆಸರ್ ತಲೆಗೇ. ಫ್ಯಾನ್ ಮತ್ತೆ ಶುರುವಾಯಿತು, ಆದರೂ ರಾತ್ರಿ ಜಾಗರಣೆ ತಪ್ಪಿತು.

ವಿಷಯ ನೆಂಟರಿಗೆಲ್ಲ ಹಬ್ಬಿತು. ಸೋದರತ್ತೆ ಒಂದು ಚೀಲ ವಿಎಚ್‌ಎಸ್ ಕ್ಯಾಸೆಟ್ ತಂದಿಟ್ಟರು. "ನಿನ್ನದು ಫಾಸ್ಟ್ ಕಂಪ್ಯೂಟರ್ ಅಂತಲ್ಲ, ಸಂಜೆಯೊಳಗೆ ಮಾಡಿಕೊಡು." ಕ್ಯಾಸೆಟ್ ಮೊದಲು ವಿಸಿಆರ್‌ನಲ್ಲಿ ಓಡಬೇಕು, ಮೂರು ಗಂಟೆಯದ್ದಕ್ಕೆ ಮೂರು ಗಂಟೆ. ಅಲ್ಲಿ ಯಾವ ಚಿಪ್ಪೂ ಕೈ ಹಾಕುವ ಹಾಗಿಲ್ಲ. ಈಗ ಯಾರದ್ದೋ ಆರತಕ್ಷತೆಯಲ್ಲಿ ಉಡುಗೊರೆ ಕೊಡುವ ಸಾಲು ನೋಡುತ್ತಾ ಕೂತಿದ್ದೇನೆ. ಮದುಮಗ ಯಾರು ಅಂತ ಅತ್ತೆಗೂ ಗೊತ್ತಿಲ್ಲ.