ಖೋಟಾ ಪ್ರಜ್ಞೆಗೆ ಡಾಕ್ಟರೇಟ್

ನನ್ನ ಥೀಸಿಸ್ 31ಕ್ಕೆ ಬಂದು ನಿಂತಿದೆ. ಪುಟ ಅಲ್ಲ, ಪರ್ಸೆಂಟ್. ಅಷ್ಟು ಭಾಗವನ್ನು ಯಾರೋ ಪುಣ್ಯಾತ್ಮರು ನನಗಿಂತ ಮೊದಲೇ ಬರೆದಿದ್ದಾರೆ ಎಂದು ನಕಲು ಹಿಡಿಯುವ ಸಾಫ್ಟ್‌ವೇರ್ ಬಣ್ಣ ಬಳಿದು ತೋರಿಸಿದೆ. ಥೇಟ್ ಹೋಳಿ ಹುಣ್ಣಿಮೆಯ ಅಂಗಿ.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಂತೆ 10 ಪರ್ಸೆಂಟ್ ತನಕ ಮಾಫಿ. 40ರ ತನಕ ಆರು ತಿಂಗಳೊಳಗೆ ತಿದ್ದಿ ತರಬೇಕು. 60ರ ತನಕ ಒಂದು ವರ್ಷ ಮನೆಯಲ್ಲಿ ಕೂರಬೇಕು. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಬಸ್ಸಿನಲ್ಲಿ ಇಷ್ಟು ಕೆಜಿ ಲಗೇಜು ಫ್ರೀ ಅಂತ ಇರುತ್ತಲ್ಲ, ಹಾಗೆ.

"ಸರ್, ಏನು ಮಾಡ್ಲಿ?" ಎಂದು ಗೈಡ್ ಹತ್ತಿರ ಹೋದೆ. ಅವರು ಥೀಸಿಸ್ ತೆರೆಯಲಿಲ್ಲ. ನಂಬರ್ ಮಾತ್ರ ನೋಡಿದರು. "ಇದನ್ನ 9ಕ್ಕೆ ಇಳಿಸಪ್ಪಾ" ಎಂದರು, ಶುಗರ್ ರಿಪೋರ್ಟ್ ನೋಡಿದವರ ಥರ. ಅವರೂ ಡಾಕ್ಟರೇ ಅಲ್ವಾ!

ನಾನು ಕಾಲೇಜು ಮೇಷ್ಟ್ರು, ಪಾರ್ಟ್‌ಟೈಮ್ ಸ್ಕಾಲರ್. ಫೆಲೋಶಿಪ್ ಸಿಕ್ಕ ಪುಣ್ಯವಂತರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ನಾನು ಕೈಯಿಂದ ಫೀಸು ಕಟ್ಟಿ, ಕ್ಲಾಸು, ಇಂಟರ್ನಲ್ಸ್, ಅಡ್ಮಿಷನ್ ಕೌಂಟರ್, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಸಂಶೋಧನೆ ಮಾಡುತ್ತೇನೆ. ನಮ್ಮ ಮ್ಯಾನೇಜ್‌ಮೆಂಟಿಗೆ ಸಂಶೋಧನೆ ಬೇಕಾಗಿಲ್ಲ, ಡಾಕ್ಟರುಗಳು ಬೇಕು. ಕಾಲೇಜುಗಳಿಗೆ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನವರು ಪಿಎಚ್‌ಡಿ ಆದ ಮೇಷ್ಟ್ರ ತಲೆ ಎಣಿಸುತ್ತಾರಲ್ಲ.

ನನ್ನ ವಿಷಯ ಟೊಮೆಟೊ ಎಲೆಯ ರೋಗವನ್ನು ಕಂಪ್ಯೂಟರ್‌ನಿಂದ ಗುರುತಿಸುವುದು. ಕೋಲಾರದ ಟೊಮೆಟೊ ಗಿಡಗಳಿಗಿಂತ ಇದರ ಮೇಲಿನ ಪೇಪರ್‌ಗಳೇ ಜಾಸ್ತಿ ಇರಬೇಕು. ನಾನಂತೂ ತೋಟಕ್ಕೆ ಕಾಲಿಟ್ಟಿಲ್ಲ. ಪ್ಲಾಂಟ್‌ವಿಲೇಜ್ ಎಂಬ ಡೇಟಾಸೆಟ್, ಅಂದರೆ ಎಲೆ ಫೋಟೋಗಳ ರಾಶಿ, ಪುಕ್ಕಟೆ ಸಿಗುತ್ತದೆ. ಗಿಡದಿಂದ ಕಿತ್ತ ಎಲೆ, ಹಿಂದೆ ಖಾಲಿ ಹಾಳೆ, ಒಂದು ಫೋಟೋ. ಅದರ ಮೇಲೆ 2016ರಲ್ಲೇ 99 ಪರ್ಸೆಂಟ್‌ಗೂ ಹೆಚ್ಚು ಸರಿಯಾಗಿ ರೋಗ ಗುರುತಿಸಿದ ಫಲಿತಾಂಶ ಪ್ರಕಟವಾಗಿದೆ. ಉಳಿದ ಚೂರುಪಾರು ನನ್ನಂಥವರಿಗೆ.

ಸರಿ, ಇಳಿಸಬೇಕಲ್ಲ. ಪದ ಬದಲಿಸುವ ಇನ್ನೊಂದು ಸಾಫ್ಟ್‌ವೇರಿಗೆ ಥೀಸಿಸ್ ಹಾಕಿದೆ. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೋಗಿ 'ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್' ಆಯಿತು. ಅಂದರೆ ಖೋಟಾ ಪ್ರಜ್ಞೆ. ಬಿಗ್ ಡೇಟಾ ಹೋಗಿ 'ಕೊಲೋಸಲ್ ಇನ್ಫರ್ಮೇಷನ್' ಆಯಿತು. ಇದು ನನ್ನೊಬ್ಬನ ಪ್ರತಿಭೆ ಅಂದುಕೊಳ್ಳಬೇಡಿ. ಇಂಥ ಮಾತುಗಳೇ ಅಂತರರಾಷ್ಟ್ರೀಯ ಜರ್ನಲ್‌ಗಳಲ್ಲಿ ಅಚ್ಚಾಗಿದ್ದನ್ನು ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಹೆಕ್ಕಿ ತೋರಿಸಿದ್ದರು. ಜರ್ನಲ್ ಪರಿಶೀಲಕರು ಓದಿ, ಮೆಚ್ಚಿ, ಅಚ್ಚಿಗೆ ಬಿಟ್ಟಿದ್ದರು. ಓದಿ ಅನ್ನುವುದು ಸುಮ್ನೆ ಮರ್ಯಾದೆಗೆ.

ನಿನ್ನೆ ರಿಪೋರ್ಟ್ ಬಂತು. 8 ಪರ್ಸೆಂಟ್! ಮೊದಲ ಅಧ್ಯಾಯ ತೆಗೆದು ಓದಿದೆ. ಏನು ಬರೆದಿದ್ದೇನೋ ನನಗೇ ಗೊತ್ತಾಗಲಿಲ್ಲ.

"ಸರ್, ವೈವಾದಲ್ಲಿ ಪರೀಕ್ಷಕರು ಅರ್ಥ ಕೇಳಿದ್ರೆ?"

"ಯಾರು ಕೇಳ್ತಾರಪ್ಪಾ. ಅವರಿಗೆ ಮೂರು ಗಂಟೆ ಟ್ರೇನಿದೆ. ಊಟಕ್ಕೆ ಹೇಳಿದೀಯಾ?"

"ಹೇಳಿದೀನಿ ಸರ್. ಒಬ್ಬಟ್ಟು."

"ಕಾಯಿದೋ, ಬೇಳೇದೋ?"

ಆರು ವರ್ಷದಲ್ಲಿ ಅವರು ಕೇಳಿದ ಮೊದಲ ಟೆಕ್ನಿಕಲ್ ಪ್ರಶ್ನೆ ಅದು.