ಶುಕ್ರವಾರ ಸಂಜೆಯ ಬಣ್ಣಕ್ಕೆ ಪೂರ್ಣಾಂಕ

ಕೆಲಸ ಅಚ್ಚುಕಟ್ಟಾಯಿತೆಂದು ಅಂಕ ಕಳೆಯುವ ಪರೀಕ್ಷೆ ಎಲ್ಲಾದರೂ ಇದ್ದರೆ ಅದು ಅಮೆರಿಕದ ಹಳೆಯ ಕಾರುಗಳ ಜೀರ್ಣೋದ್ಧಾರ ಸ್ಪರ್ಧೆಯೇ ಇರಬೇಕು. ಅರವತ್ತರ ದಶಕದ ಷೆವರ್ಲೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರೊಂದನ್ನು ವರ್ಷಗಟ್ಟಲೆ ದುಡಿದು, ಉಳಿತಾಯವನ್ನೆಲ್ಲ ಸುರಿದು, ಮುಖ ಕಾಣುವಷ್ಟು ಹೊಳಪು ಬರಿಸಿ ನೀವು ತಂದು ನಿಲ್ಲಿಸಿದಿರಿ ಎನ್ನಿ. ತೀರ್ಪುಗಾರರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಣ್ಣ ಬಹಳ ಚೆನ್ನಾಗಿ ಬಂದಿದೆ" ಎನ್ನುತ್ತಾರೆ, ವಿಷಾದದಿಂದ. ಅಲ್ಲಿಗೆ ಅಂಕ ಹೋಯಿತು.

ನಿಯಮ ಸರಳವಾಗಿದೆ. ಕಾರು ಕಾರ್ಖಾನೆಯ ಗೇಟು ದಾಟಿದ ದಿನ ಹೇಗಿತ್ತೋ ಹಾಗೆಯೇ ಇರಬೇಕು. ಆ ದಿನ ಅದು ಹೇಗಿತ್ತು ಎಂದು ಕೇಳಿದರೆ ಮಾತ್ರ ಸ್ವಲ್ಪ ಮುಜುಗರ. ಸೇಂಟ್ ಲೂಯಿಸ್‌ನ ಕಾರ್ಖಾನೆಯಲ್ಲಿ ಫೈಬರ್‌ಗ್ಲಾಸ್ ಬಾಡಿಯ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಮೇಲೆ ಲ್ಯಾಕರ್ ಬಣ್ಣ ಹೊಡೆದು ಮುಂದಕ್ಕೆ ಸಾಗಿಸುತ್ತಿದ್ದರು. ಬಣ್ಣದ ಮೈ ಅಲ್ಲಲ್ಲಿ ತರಿತರಿ, ಅಂಟಿಸಿದ ಗೆರೆ ಒಳಗಿನಿಂದ ಇಣುಕು, ಬಾಗಿಲಿನ ಸಂದು ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು. ಕೊಂಡವರು ಅಂದು ಗೊಣಗಿದ್ದರು. ಇಂದು ಅದೇ ತರಿಯನ್ನು ಅಷ್ಟೇ ಪ್ರಮಾಣದಲ್ಲಿ ಮೂಡಿಸಬಲ್ಲ ಪೇಂಟರ್ ಸಿಕ್ಕರೆ ಪುಣ್ಯ. ಚೆನ್ನಾಗಿ ಬಣ್ಣ ಹೊಡೆಯುವವರು ಊರಿಗೆ ಹತ್ತು ಮಂದಿ ಇದ್ದಾರೆ. ಶಾಸ್ತ್ರೋಕ್ತವಾಗಿ ಕೆಟ್ಟದಾಗಿ ಹೊಡೆಯುವವರು ಎಲ್ಲೋ ಒಬ್ಬರು, ಅವರ ಮುಂದೆ ಸಾಲು.

1974ರಲ್ಲಿ ಹುಟ್ಟಿದ ಅಲ್ಲಿನ ರಾಷ್ಟ್ರೀಯ ಕಾರ್ವೆಟ್ ಜೀರ್ಣೋದ್ಧಾರಕರ ಸಂಘ ಒಂದೊಂದು ಕಾರನ್ನೂ ಸುಮಾರು 4,500 ಅಂಕಗಳಿಗೆ ತೂಗುತ್ತದೆ. ಅಗ್ರಶ್ರೇಣಿಗೆ ಶೇಕಡಾ 94 ಬೇಕು. ಐಎಎಸ್ ಪಾಸಾಗಲು ಇಷ್ಟು ಬೇಕಿಲ್ಲ. ಅಲ್ಲಿ ಪಠ್ಯವಾದರೂ ಮುಗಿಯುತ್ತದೆ, ಇಲ್ಲಿ ನಟ್ಟು ಬೋಲ್ಟುಗಳ ತಲೆಯ ಮೇಲಿನ ಗುರುತೂ ಪಠ್ಯವೇ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಬಳಪದ್ದು. ಅರವತ್ತರ ದಶಕದ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯಾಗಿದೆ ಎಂದು ತೋರಿಸಲು ತಪಾಸಣೆಯವನು ಅದರ ಮೇಲೆ ಒಂದು ಚುಕ್ಕೆ ಬಣ್ಣ ಒತ್ತುತ್ತಿದ್ದ. ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಮೇಣದ ಬಳಪದಿಂದ ಏನೋ ಅಂಕಿ ಗೀಚುತ್ತಿದ್ದ. ಮುಂದಿನ ಪಾಳಿಯವನಿಗೆ ತಿಳಿಯಲಿ ಎಂಬುದಷ್ಟೇ ಅದರ ಉದ್ದೇಶ. ಶುಕ್ರವಾರ ಸಂಜೆಯಾದರೆ ಬಣ್ಣ ಎರಡು ಹನಿ ಹೆಚ್ಚೇ ಬೀಳುತ್ತಿತ್ತು, ಗೀಚು ವಕ್ರವಾಗುತ್ತಿತ್ತು, ಅವನ ಮನಸ್ಸು ಆಗಲೇ ಬಿಯರ್ ಅಂಗಡಿಯಲ್ಲಿ. ಆ ಮನುಷ್ಯ ತನ್ನ ಜೀವಮಾನದಲ್ಲಿ ಬರೆದ ಬೇರಾವ ಅಕ್ಷರವನ್ನೂ ಯಾರೂ ಕಾದಿಡಲಿಲ್ಲ. ಈ ಗೀಚಿಗೆ ಮಾತ್ರ ಭಾಷ್ಯಗಳಿವೆ. ಚುಕ್ಕೆ ಹಳದಿಯೋ ಹಸಿರೋ, ಫೋರ್ಡ್ ಕಂಪನಿಯ ಡಿಯರ್‌ಬಾರ್ನ್ ಕಾರ್ಖಾನೆಯ ಪದ್ಧತಿ ಏನು, ಅದರದೇ ಸ್ಯಾನ್ ಹೋಸೆ ಕಾರ್ಖಾನೆಯ ಸಂಪ್ರದಾಯ ಏನು ಎಂದು ಪಂಥಭೇದಗಳಿವೆ. ಐವತ್ತರ ಗಡಿ ದಾಟಿದ ದಂತವೈದ್ಯರು, ವಕೀಲರು ರಾತ್ರಿ ಗ್ಯಾರೇಜಿನಲ್ಲಿ ಕುಳಿತು ತಗಡಿನ ಮೇಲೆ ಬಳಪ ಹಿಡಿದು ಅಡ್ಡಾದಿಡ್ಡಿ ಬರೆಯುವುದನ್ನು ಅಭ್ಯಾಸ ಮಾಡುತ್ತಾರೆ. ಅಕ್ಷರ ದುಂಡಗಾದರೆ ಒರೆಸಿ ಮತ್ತೆ ಬರೆಯಬೇಕು, ಅಷ್ಟು ದುಂಡಗೆ ಬರೆಯುವವನು ಆ ಪಾಳಿಯಲ್ಲಿ ಇರಲಿಲ್ಲ.

ಫೋರ್ಡ್ ಕಾರ್ಖಾನೆಯಲ್ಲಿ ಮಿಕ್ಕ ಬಣ್ಣಗಳನ್ನೆಲ್ಲ ಒಂದೇ ಪೀಪಾಯಿಗೆ ಸುರಿದು ಕಲಸಿ, ಹೊರಗೆ ಕಾಣದ ಭಾಗಗಳಿಗೆ ಬಳಿಯುತ್ತಿದ್ದರು. ಆ ಬಣ್ಣಕ್ಕೆ ನಿಶ್ಚಿತ ಹೆಸರಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ, ಇವತ್ತು ಬೂದು, ನಾಳೆ ಇನ್ನೊಂದು ಬೂದು. ಈಗ ಭಕ್ತರು ಆ ಕಲಬೆರಕೆಯ ಸರಿಯಾದ ಛಾಯೆಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ.

ಬಣ್ಣದ ನಂತರ ಗೋತ್ರ, ಪ್ರವರ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ ಕಾರಿನ ಸಂಖ್ಯೆಗೆ ಕೂಡಿಬರಬೇಕು. ಗೇರ್‌ಬಾಕ್ಸಿನದೂ ಕೂಡಬೇಕು. ಕೂಡದಿದ್ದರೆ ಕಾರು ಎಷ್ಟೇ ಚೆನ್ನಾಗಿ ಓಡಲಿ, ಪಂಕ್ತಿಗೆ ಸೇರಿಸುವುದಿಲ್ಲ, ಬೆಲೆ ಧೊಪ್ಪೆಂದು ಬೀಳುತ್ತದೆ. ಆದ್ದರಿಂದ ಸುಳ್ಳು ಸಂಖ್ಯೆ ಕೊರೆಯುವ ನಿಪುಣರು ಹುಟ್ಟಿದರು, ಅವರನ್ನು ಹಿಡಿಯಲು ಲೋಹದ ಮೇಲಿನ ಯಂತ್ರದ ಗೀರುಗಳನ್ನು ಭೂತಗನ್ನಡಿಯಲ್ಲಿ ಓದುವವರು ಹುಟ್ಟಿದರು, ಆಮೇಲೆ ಗೀರುಗಳನ್ನೂ ಸುಳ್ಳಾಗಿ ಎಳೆಯುವವರು ಹುಟ್ಟಿದರು. ಕಾರು ಓಡುತ್ತದೆಯೇ ಎಂಬುದು ಈ ಸಂಭಾಷಣೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಸ್ಪಾರ್ಕ್ ಪ್ಲಗ್ಗಿನ ವೈರನ್ನೇ ತೆಗೆದುಕೊಳ್ಳಿ. ಅದರ ಮೈಮೇಲೆ ಯಾವ ವರ್ಷದ ಯಾವ ತ್ರೈಮಾಸಿಕದಲ್ಲಿ ತಯಾರಾಯಿತೆಂದು ಅಚ್ಚಾಗಿರುತ್ತದೆ. ಕಾರು ಹುಟ್ಟಿದ ಮೇಲೆ ಹುಟ್ಟಿದ ವೈರು ಅದರಲ್ಲಿದ್ದರೆ ದೋಷ. ಹಳೆಯ ರಬ್ಬರು ಇಷ್ಟು ಹೊತ್ತಿಗೆ ಪುಡಿಪುಡಿಯಾಗಿರುವುದರಿಂದ ಹೊಸದನ್ನೇ ತಯಾರಿಸಿ ಅದರ ಮೇಲೆ 1966 ಎಂದು ಅಚ್ಚು ಹಾಕಿ ಮಾರುತ್ತಾರೆ, ನಿಮಗೆ ಬೇಕಾದ ತ್ರೈಮಾಸಿಕವನ್ನು ಕೇಳಿ ಪಡೆಯಬಹುದು. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತ ಹೀಗೆ ಹಿಂದಿನ ತಾರೀಖು ಹಾಕಿದರೆ ಅಮಾನತು ಮಾಡುತ್ತಾರೆ. ಅಲ್ಲಿ ಟ್ರೋಫಿ ಕೊಡುತ್ತಾರೆ.

ಇಷ್ಟು ಮಡಿಯ ನಡುವೆ ಒಂದು ಸೋಜಿಗ. ಅರವತ್ತರ ದಶಕದ ಫೋರ್ಡ್ ಮಸ್ಟಾಂಗ್‌ಗೆ ಹೊಚ್ಚ ಹೊಸ ಪೂರ್ತಿ ಬಾಡಿಯೇ ಈಗ ಮಾರಾಟಕ್ಕಿದೆ, ಫೋರ್ಡ್ ಕಂಪನಿಯ ಪರವಾನಗಿಯೊಂದಿಗೆ. ತುಕ್ಕು ತಿಂದ ಹಳೆಯ ಕಾರಿನಲ್ಲಿ ಉಳಿದಿರುವುದು ಅಂಗೈಯಗಲದ ಸಂಖ್ಯೆಯ ತಗಡು ಮಾತ್ರ ಎಂದಿಟ್ಟುಕೊಳ್ಳಿ. ಕಾರು ಯಾವುದು? ತಗಡು. ಮಿಕ್ಕದ್ದೆಲ್ಲ ಬಿಡಿಭಾಗ. ಆತ್ಮ ಅವಿನಾಶಿ, ದೇಹವನ್ನು ವಸ್ತ್ರದಂತೆ ಬದಲಿಸುತ್ತದೆ ಎಂದು ಕುರುಕ್ಷೇತ್ರದಲ್ಲಿ ಕೇಳಿಸಿಕೊಂಡ ಅರ್ಜುನನಿಗೂ ಇಷ್ಟು ಬೇಗ ಅರ್ಥವಾಗಿರಲಿಕ್ಕಿಲ್ಲ.

ಈ ಮಸ್ಟಾಂಗ್ ಹುಟ್ಟಿದ್ದಾದರೂ ಯಾರಿಗಾಗಿ? 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಆರಂಭದ ಬೆಲೆ 2,368 ಡಾಲರ್. ಫಾಲ್ಕನ್ ಎಂಬ ಸಾಧಾರಣ ಸಂಸಾರಿ ಕಾರಿನ ಅಡಿಪಾಯದ ಮೇಲೆ ಚೆಂದದ ಮೈ ಕೂರಿಸಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಟೈಪಿಸ್ಟುಗಳು, ಶಾಲಾ ಶಿಕ್ಷಕಿಯರು ಮುಗಿಬಿದ್ದು ಕೊಂಡರು. 1966ರ ಮಾದರಿಯೊಂದೇ ಆರು ಲಕ್ಷ ದಾಟಿತು. ಆರು ಲಕ್ಷ ಮಂದಿಯ ಬಳಿ ಇದ್ದ ವಸ್ತುವನ್ನು ಈಗ ಹಗ್ಗ ಕಟ್ಟಿ, "ಮುಟ್ಟಬೇಡಿ" ಎಂದು ಫಲಕ ಹಾಕಿ ನಿಲ್ಲಿಸುತ್ತಾರೆ. ಹಿಂದಿನ ಸೀಟಿನಲ್ಲಿ ಐಸ್‌ಕ್ರೀಮ್ ಚೆಲ್ಲಿದ ಮಕ್ಕಳು ಅಜ್ಜ ಅಜ್ಜಿಯರಾಗಿ ಬಂದು ಹಗ್ಗದಾಚೆ ಕೈಕಟ್ಟಿ ನಿಲ್ಲುತ್ತಾರೆ. ಆ ಕಲೆಗೆ ಯಾವ ಕೈಪಿಡಿಯಲ್ಲಿಯೂ ಅಂಕವಿಲ್ಲ, ಅದು ಗೇಟು ದಾಟಿದ ಮೇಲೆ ಆದದ್ದು.

1967ರ ಕಾರ್ವೆಟ್ ಎಲ್88 ಇನ್ನೂ ಸ್ವಾರಸ್ಯದ್ದು. ರೇಸಿಗೆಂದೇ ಮಾಡಿದ ಎಂಜಿನ್, ರೇಡಿಯೋ ಇಲ್ಲ, ಹೀಟರೂ ಇಲ್ಲ. ಸಾಮಾನ್ಯ ಗಿರಾಕಿ ಹತ್ತಿರ ಸುಳಿಯದಿರಲಿ ಎಂದು ಕಂಪನಿಯೇ ಅದರ ಶಕ್ತಿಯನ್ನು ಇದ್ದುದಕ್ಕಿಂತ ಕಡಿಮೆ ತೋರಿಸಿ 430 ಅಶ್ವಶಕ್ತಿ ಎಂದು ಬರೆದಿತ್ತು. ಉಪಾಯ ಫಲಿಸಿತು, ಆ ವರ್ಷ ತಯಾರಾದದ್ದು 20 ಮಾತ್ರ. ಅಂಥದ್ದೊಂದು 2014ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು. ಚಳಿಗಾಲದಲ್ಲಿ ನಡುಗಿಸುವ ಕಾರಿಗೆ ಇಷ್ಟು ಕೊಟ್ಟವರು ಅದನ್ನು ಚಳಿಗಾಲದಲ್ಲಿ ಹೊರಗೆ ತೆಗೆಯುವುದಿಲ್ಲ ಬಿಡಿ, ಬೇಸಿಗೆಯಲ್ಲಿಯೂ ತೆಗೆಯುವುದಿಲ್ಲ. ಇಂಥ ಕಾರುಗಳು ಪ್ರಯಾಣ ಮಾಡುವುದು ಮುಚ್ಚಿದ ಟ್ರೈಲರಿನಲ್ಲಿ, ಅದನ್ನು ಎಳೆಯುವುದು ತಕರಾರಿಲ್ಲದ ಹೊಸ ಪಿಕಪ್ ಟ್ರಕ್ಕು. ಟಯರಿಗೆ ರಸ್ತೆ ಮೈಲಿಗೆ.

ಮಡಿ ಹೆಚ್ಚಾದಲ್ಲಿ ವಿರೋಧಿ ಪಂಥ ಹುಟ್ಟದೆ ಇರುತ್ತದೆಯೇ? ಈಗ ಇನ್ನೊಂದು ಬಣ, ಏನೂ ಮಾಡದೆ ಬಿಟ್ಟ ಕಾರೇ ಶ್ರೇಷ್ಠ ಎನ್ನುತ್ತದೆ. ಕಣಜದಲ್ಲಿ ಕೊಳೆಯುತ್ತಿದ್ದ ಕಾರನ್ನು ಧೂಳು, ಇಲಿಯ ಗೂಡು ಸಮೇತ ಹರಾಜಿಗೆ ತರುತ್ತಾರೆ. ತೊಳೆದರೆ ಬೆಲೆ ಇಳಿಯುತ್ತದೆ. ಈ ಭಾಗ್ಯವಿಲ್ಲದವರು ಒಳ್ಳೆಯ ಬಣ್ಣವನ್ನು ಉಜ್ಜಿ ಸವೆಸಿ, ತಗಡಿಗೆ ವಿನೆಗರ್, ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ ತುಕ್ಕು ಬರಿಸುತ್ತಾರೆ. ಬೇಕಾದಷ್ಟು ತುಕ್ಕು ಬಂದ ಮೇಲೆ ಅದು ಇನ್ನಷ್ಟು ಹಬ್ಬದಂತೆ ಪಾರದರ್ಶಕ ಲೇಪ ಹೊಡೆಯುತ್ತಾರೆ. ತುಕ್ಕನ್ನು ತುಕ್ಕಿನಿಂದ ಕಾಪಾಡುವ ಖರ್ಚು ಬೇರೆ.

ಓಡಿಸಿ ಸುಖಪಡುವವರು ಇಲ್ಲವೇ ಇಲ್ಲ ಎಂದರೆ ಅನ್ಯಾಯವಾದೀತು. ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ಫರ್ನ್‌ಡೇಲ್ ಎಂಬ ಊರಿನ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು 1995ರಲ್ಲಿ ಶುರುವಾದದ್ದು. ಅಲ್ಲಿಯ ಕಾರು ಕಂಪನಿಗಳಲ್ಲಿ ದುಡಿಯುವ ನಮ್ಮವರೂ ಪುಳಿಯೋಗರೆಯ ಡಬ್ಬಿ, ಮಡಚುವ ಕುರ್ಚಿ ಹಿಡಿದು ಪಾದಚಾರಿ ಹಾದಿಯಲ್ಲಿ ಕೂರುತ್ತಾರೆ. ಒಂದು ಕಾಲದಲ್ಲಿ ಹುಡುಗರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸ್ ಕಟ್ಟುತ್ತಿದ್ದ ರಸ್ತೆಯಲ್ಲಿ ಈಗ ಮುನ್ನೂರು ಅಶ್ವಶಕ್ತಿಯ ಕಾರುಗಳು ನಡಿಗೆಯ ವೇಗದಲ್ಲಿ ಸಾಗಿ, ರೇಡಿಯೇಟರ್ ಕುದಿದು, ಬಾನೆಟ್ ಎತ್ತಿಕೊಂಡು ಬದಿಗೆ ನಿಲ್ಲುತ್ತವೆ. ಜನ ಚಪ್ಪಾಳೆ ತಟ್ಟುತ್ತಾರೆ. ಬೆಂಗಳೂರಿನಲ್ಲಿ ಇದೇ ದೃಶ್ಯಕ್ಕೆ ಹಾರನ್ ಹೊಡೆಯುತ್ತೇವೆ. ಆದರೂ ಆ ಹೊಗೆ, ಆ ಗುಡುಗು, ಬೆವರು ಒರೆಸಿಕೊಳ್ಳುತ್ತ ನಗುವ ಮುದುಕ, ಇವೆಲ್ಲ ನನಗೆ ಟ್ರೈಲರಿನ ದೇವರಿಗಿಂತ ಹೆಚ್ಚು ಇಷ್ಟ.

ಕಾರ್ವೆಟ್ ಬಳಗದಲ್ಲಿ ಇನ್ನೊಂದು ಪರೀಕ್ಷೆಯೂ ಉಂಟು, ಅಲ್ಲಿ ಕಾರಿನಲ್ಲಿರುವುದೆಲ್ಲ ಕೆಲಸ ಮಾಡಬೇಕು: ಹಾರನ್, ವೈಪರ್, ಹೀಟರ್, ಕೊನೆಗೆ ಗಡಿಯಾರ ಕೂಡ. ಗಡಿಯಾರದಲ್ಲಿ ಬಿದ್ದವರು ಅನೇಕರು. ಆ ಕಾಲದ ಕಾರಿನ ಗಡಿಯಾರಗಳು ಬೇಗ ನಿಂತುಹೋಗುವುದಕ್ಕೇ ಹೆಸರಾಗಿದ್ದವು. ಆದ್ದರಿಂದ ಜಾಣರು ಹಳೆಯ ಮುಖಫಲಕದ ಹಿಂದೆ ಹೊಸ ಕ್ವಾರ್ಟ್ಜ್ ಯಂತ್ರವನ್ನು ಸದ್ದಿಲ್ಲದೆ ಕೂರಿಸುತ್ತಾರೆ. ಬಣ್ಣದ ಹನಿಯಿಂದ ಹಿಡಿದು ಬಳಪದ ಗೀಚಿನವರೆಗೆ ಕಾರ್ಖಾನೆಯ ಎಲ್ಲ ಲೋಪಗಳಿಗೂ ಅಂಕ ಉಂಟು ಎಂದಾದರೆ ನಿಂತ ಗಡಿಯಾರಕ್ಕೇಕೆ ಇಲ್ಲ ಎಂದು ಯಾರೂ ಮೇಲ್ಮನವಿ ಸಲ್ಲಿಸಿದ್ದನ್ನು ನಾನು ಕೇಳಿಲ್ಲ. ವಾದದಲ್ಲಿ ಹುರುಳಿದೆ. ಅಲ್ಲಿರುವ ನಮ್ಮ ಕಡೆಯ ವಕೀಲರು ಯಾರಾದರೂ ಪ್ರಯತ್ನಿಸಬಹುದು, ಶುಲ್ಕಕ್ಕೆ ಮೋಸವಿಲ್ಲದ ಕಕ್ಷಿಗಾರರು.