25 ಲಕ್ಷದ ಹೆಲ್ತ್ ಕಾರ್ಡ್: ಸ್ಪಷ್ಟನೆ

"ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ತಗೊಂಡು ಚಿಗಟೇರಿ ಆಸ್ಪತ್ರೆಗೆ ಹೋಗಿ, 25 ಲಕ್ಷದ ಹೆಲ್ತ್ ಕಾರ್ಡ್ ಕೊಡ್ತಾರೆ" ಅನ್ನೋ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅಂಥ ಕಾರ್ಡ್ ಇಲ್ಲ.

ಈ 25 ಲಕ್ಷ ಬಂದದ್ದು 2024ರ ಲೋಕಸಭಾ ಚುನಾವಣೆಯ ಕಾಂಗ್ರೆಸ್ ಪ್ರಣಾಳಿಕೆಯಿಂದ. ರಾಜಸ್ಥಾನದ ಮಾದರಿಯಲ್ಲಿ ಅಷ್ಟು ಮೊತ್ತದ ನಗದುರಹಿತ ವಿಮೆ ಕೊಡ್ತೀವಿ ಅಂದಿದ್ದರು. ಬಿಜೆಪಿಯದು ಬೇರೆ ಮಾತು: 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್. ಇಲ್ಲಿ ಗೆದ್ದದ್ದು ಕಾಂಗ್ರೆಸ್‌ನ ಡಾ. ಪ್ರಭಾ ಮಲ್ಲಿಕಾರ್ಜುನ್, ನಿಜ. ಆದರೆ ದೆಹಲಿಯಲ್ಲಿ ಸರ್ಕಾರ ರಚಿಸಿದ್ದು ಎನ್‌ಡಿಎ. ಗೆದ್ದ ಸಂಸದರೊಬ್ಬರು ಕೊಡುವ ಯೋಜನೆ ಅಲ್ಲ ಇದು, ಅಲ್ವಾ?

ನಮ್ಮಲ್ಲಿ ಇರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ 30 ಮಾತ್ರ ಸರ್ಕಾರ ಕೊಡುತ್ತೆ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಈ ಶೇ 30ರ ವಿಷಯ ಎಷ್ಟೋ ಜನರಿಗೆ ಗೊತ್ತಾಗೋದು ಬಿಲ್ ಕೈಗೆ ಬಂದಾಗಲೇ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಯ ಬಗ್ಗೆ ಸಹಾಯ ಮಾಡುವ ಸಿಬ್ಬಂದಿ) ಕೇಳಿ.

ವಯಸ್ಸಾದವರು ಜೆರಾಕ್ಸ್ ಹಿಡಿದು ಸುಮ್ನೆ ಕ್ಯೂ ನಿಲ್ಲೋದು ಬೇಡ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.